ನನ್ನ ಹೆಸರಿನ ಕೇಕು

ಕಳೆದ ವಾರ ಮಣಿಪಾಲದ ಬೇಕರಿಯೊಂದರಲ್ಲಿ ಬ್ರೆಡ್ ಕಟ್ಟಿಸಿಕೊಳ್ಳಲು ನಿಂತಿದ್ದೆ. ಒಳಗೆ ಯಾರೋ ವೆನಿಲ್ಲಾ ಎಸೆನ್ಸಿನ ಬಾಟಲಿ ಬಗ್ಗಿಸಿರಬೇಕು, ಆ ವಾಸನೆ ಸೀದಾ ಬಂದು ಮೂಗಿಗೆ ಹೊಡೆಯಿತು. ಬ್ರೆಡ್ಡನ್ನು ಅಲ್ಲೇ ಬಿಟ್ಟು ಕಾರಿಗೆ ಬಂದು ಕುಳಿತೆ. ನಮ್ಮವರು ನನ್ನ ಮುಖ ನೋಡಿದರು, ಬೇಕರಿಯ ಬೋರ್ಡು ನೋಡಿದರು. "ಇನ್ನೂ ಇಳಿಲಿಲ್ವಾ ನಿನ್ನ ಸಿಟ್ಟು? ಎಷ್ಟು ವರ್ಷ ಆಯ್ತು ಮಾರಾಯ್ತಿ!" ಎಂದರು. ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇಲ್ಲ. ಬೇರೆಯವರಿಗೆ ವೆನಿಲ್ಲಾ ವಾಸನೆ ಬಂದರೆ ಬಾಯಲ್ಲಿ ನೀರೂರುತ್ತದೆ. ನನಗೆ 2013ರ ದುಬೈಯ ಬೇಸಿಗೆ ಹೊಟ್ಟೆಯೊಳಗೆ ಎದ್ದು ಕೂರುತ್ತದೆ.

ಆಗ ನಾವು ಅಲ್ ನಹ್ದಾದಲ್ಲಿದ್ದೆವು. ಬಾಲ್ಕನಿಯಲ್ಲಿ ನಿಂತರೆ ರಸ್ತೆಯಾಚೆ ಶಾರ್ಜಾ. ಜುಲೈ ಬಂತೆಂದರೆ ನಮ್ಮ ಕಟ್ಟಡದ ಹೆಂಗಸರು, ಮಕ್ಕಳು ಎಲ್ಲ ಊರಿಗೆ ಹಾರುತ್ತಿದ್ದರು. ಉಳಿಯುವವರು ನಮ್ಮಂಥವರು, ಕಂಪನಿಯಿಂದ ಎರಡು ವರ್ಷಕ್ಕೊಮ್ಮೆ ಟಿಕೆಟ್ ಸಿಗುವವರು. ಹೊರಗೆ ಕಾಲಿಟ್ಟರೆ ಕನ್ನಡಕದ ಗಾಜಿನ ಮೇಲೆ ಹಬೆ ಕೂರುತ್ತಿತ್ತು. ನಲ್ಲಿಯ ತಣ್ಣೀರು ಎಂಬುದರಲ್ಲಿ ಅಕ್ಕಿ ತೊಳೆಯಲು ಹೋದರೆ ಕೈ ಸುಡುತ್ತಿತ್ತು. ಮದುವೆಗೆ ಮೊದಲು ನಾನು ಉಡುಪಿಯ ಶಾಲೆಯೊಂದರಲ್ಲಿ ಗಣಿತ ಟೀಚರ್. ದುಬೈಯಲ್ಲಿ ಗಂಡನ ವೀಸಾದ ಮೇಲೆ ಬಂದ ಹೆಂಡತಿ, ಕೆಲಸ ಮಾಡಲು ಅನುಮತಿ ಇಲ್ಲ ಎಂದು ಪಾಸ್‌ಪೋರ್ಟಿನೊಳಗೇ ಅಂಟಿಸಿ ಕೊಟ್ಟಿದ್ದರು. ನಾಲ್ಕು ವರ್ಷ ನನ್ನನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. "ಮಿಸೆಸ್ ರಾವ್" ಎಂದು ಕರೆದಾಗಲೆಲ್ಲ ನನ್ನ ಅತ್ತೆ ಎಲ್ಲಿಂದಲೋ ಬಂದರೇನೋ ಎಂದು ಹಿಂದೆ ತಿರುಗಿ ನೋಡುತ್ತಿದ್ದೆ.

ಕೇಕು ಶುರುವಾದದ್ದು ಸೂಪರ್‌ಮಾರ್ಕೆಟ್ಟಿನ ಆಫರಿನಿಂದ. ಒಂದು ಬಾಕ್ಸ್ ಕೇಕ್ ಮಿಕ್ಸ್ ಕೊಂಡರೆ ಇನ್ನೊಂದು ಪುಕ್ಕಟೆ. ಮನೆಗೆ ತಂದು ಓದಿದರೆ ಹಿಂದುಗಡೆ ಮೂರು ಮೊಟ್ಟೆಯ ಚಿತ್ರ. ನಮ್ಮ ಅಡುಗೆಮನೆಗೆ ಮೊಟ್ಟೆ ಬರುವುದಿಲ್ಲ. ಹಾಗೆಂದು ಪುಕ್ಕಟೆ ಬಂದದ್ದನ್ನು ಬಿಸಾಡುವ ಜಾತಿಯೂ ನಾವಲ್ಲ. ಮೊಸರು ಹಾಕಿದೆ, ಸೋಡಾ ಪುಡಿ ಹಾಕಿದೆ, ಮಂದಗೊಳಿಸಿದ ಹಾಲು ಸುರಿದೆ. ಇಷ್ಟೆಲ್ಲ ಆದ ಮೇಲೆ ನೆನಪಾಯಿತು, ಮನೆಯ ಓವನ್ ಕೆಟ್ಟು ಆರು ತಿಂಗಳಾಗಿದೆ. ಕಟ್ಟಡದ ವಾಚ್‌ಮನ್‌ಗೆ ಹೇಳಿದಾಗಲೆಲ್ಲ ಬಿಡಿಭಾಗ ಇಲ್ಲ ಎಂದು ಅವನದ್ದು ಒಂದೇ ಉತ್ತರ: "ಪಾರ್ಟ್ ಮಾಫಿ, ಮೇಡಂ." ಕಲಸಿದ ಹಿಟ್ಟಿನ ಪಾತ್ರೆ ಹಿಡಿದುಕೊಂಡು ಎದುರು ಮನೆಯ ಬಾಗಿಲು ತಟ್ಟಿದೆ.

ಎದುರು ಮನೆ ಗೀತಾಳದ್ದು. ಕಾರ್ಕಳದ ಹುಡುಗಿ, ನನಗಿಂತ ಐದಾರು ವರ್ಷಕ್ಕೆ ಚಿಕ್ಕವಳು, ಬಾಯಿ ತೆರೆದರೆ ನಗು. ಅವಳ ಮನೆಯಲ್ಲಿ ಮೀನು, ಮೊಟ್ಟೆ ಎಲ್ಲ ಉಂಟು. ಅದು ನಮ್ಮಿಬ್ಬರ ನಡುವೆ ಎಂದೂ ವಿಷಯವಾಗಿರಲಿಲ್ಲ. ನನಗಾಗಿ ಅವಳು ಓವನ್ನನ್ನು ಮೂರು ಸಲ ವಿನೆಗರ್ ಹಾಕಿ ಉಜ್ಜಿದಳು. ಕೇಕಿನ ಟಿನ್ನುಗಳನ್ನು ಹೊಸದಾಗಿ ತಂದು, ಪೇಪರಿನಲ್ಲಿ ಸುತ್ತಿ, ಮೇಲೆ 'ಸುಮಕ್ಕಂದು' ಎಂದು ಬರೆದಿಟ್ಟಳು. ನನ್ನ ಹೆಸರನ್ನು ಅಕ್ಷರದಲ್ಲಿ ನೋಡಿ ಎಷ್ಟು ಕಾಲವಾಗಿತ್ತೋ, ಅಷ್ಟಕ್ಕೇ ಅವಳಿಗೆ ಸೋತುಬಿಟ್ಟೆ.

ಮೊದಲ ನಾಲ್ಕೈದು ಕೇಕುಗಳು ನಡುವೆ ಕುಸಿದು ಕೂತವು. ಕುಸಿದ ಜಾಗಕ್ಕೆ ಕ್ರೀಂ ತುಂಬಿ, ಪದರದ ಮೇಲೆ ಪದರ ಇಟ್ಟು, ಗೀತಾ ಅದನ್ನು ಹೇಗೋ ಮರ್ಯಾದೆಯಿಂದ ನಿಲ್ಲಿಸುತ್ತಿದ್ದಳು. ಮೊಟ್ಟೆಯಿಲ್ಲದ ಕೇಕು ಎಂದು ಸುದ್ದಿ ಹಬ್ಬಿತು. ನಮ್ಮ ಕಡೆಯವರು ಬೇಕರಿಯ ಮೊಟ್ಟೆಯಿಲ್ಲದ ಕೇಕನ್ನೂ ನಂಬುವುದಿಲ್ಲ, ಚಾಕು ಒಂದೇ ಅಲ್ವಾ ಎನ್ನುತ್ತಾರೆ. ರಾಯರ ಮನೆಯ ಸುಮ ಮಾಡಿದ್ದು ಎಂದರೆ ನಂಬುತ್ತಾರೆ. ಹಾಗಾಗಿ ಹುಟ್ಟುಹಬ್ಬಕ್ಕೆ, ಮದುವೆಯ ವಾರ್ಷಿಕೋತ್ಸವಕ್ಕೆ, ಸತ್ಯನಾರಾಯಣ ಪೂಜೆ ಆದ ಸಂಜೆ ಮಕ್ಕಳ ಸಮಾಧಾನಕ್ಕೆ, ಎಲ್ಲದಕ್ಕೂ ಕರೆ ಬರತೊಡಗಿತು.

ಕೆಲಸ ಹಂಚಿಕೊಂಡೆವು. ಹಿಟ್ಟು ಕಲಸುವುದು, ಕ್ರೀಂ ಮಾಡುವುದು ನನ್ನ ಮನೆಯಲ್ಲಿ. ಟಿನ್ನಿಗೆ ಹೊಯ್ಯುವುದು, ಬೇಯಿಸುವುದು ಅವಳ ಮನೆಯಲ್ಲಿ. ಮೊದಮೊದಲು ನಾನು ಅಲ್ಲೇ ನಿಂತು ಓವನ್ನಿನ ಗಾಜಿನಲ್ಲಿ ಇಣುಕುತ್ತಿದ್ದೆ. ಒಂದು ದಿನ ಗೀತಾ ನನ್ನ ಭುಜ ಹಿಡಿದು ಬಾಗಿಲ ಕಡೆ ತಿರುಗಿಸಿದಳು. "ನೀವು ಹೀಗೆ ಕಣ್ಣು ಹಾಕಿದ್ರೆ ಅದು ಏಳುದುಂಟಾ ಸುಮಕ್ಕ? ನೀವು ಹೋಗಿ ಅಡುಗೆ ಮಾಡಿ. ನಾನು ನೋಡಿಕೊಳ್ತೇನೆ." ನಗುತ್ತ ಹೋದೆ. ಆ ದಿನದ ಕೇಕು ಎದ್ದಿತು ನೋಡಿ! ನಾಲ್ಕು ಪದರ, ಒಂದೊಂದೂ ಎರಡು ಬೆರಳು ದಪ್ಪ, ಒತ್ತಿದರೆ ಮತ್ತೆ ಮೇಲೆ ಬರುವಂಥದ್ದು. ಮೊಸರಿನ ಅಳತೆ ಕೊನೆಗೂ ಸಿಕ್ಕಿತು ಎಂದು ನಾನು ಪುಸ್ತಕದಲ್ಲಿ ಬರೆದುಕೊಂಡೆ, ಕೆಳಗೆ ಎರಡು ಗೆರೆ ಬೇರೆ ಎಳೆದೆ.

ಆ ಕೇಕು ಡಿಸ್ಕವರಿ ಗಾರ್ಡನ್ಸಿಗೆ ಹೋಗಬೇಕಿತ್ತು. ತೊಡೆಯ ಮೇಲಿಟ್ಟುಕೊಂಡು ಮೆಟ್ರೋದಲ್ಲಿ, ಹೆಂಗಸರ ಬೋಗಿಯಲ್ಲಿ ಕುಳಿತೆ. ಪಕ್ಕದಲ್ಲಿದ್ದ ಫಿಲಿಪಿನೋ ಹೆಂಗಸು ಕೇಕಿನ ಡಬ್ಬದ ಪ್ಲಾಸ್ಟಿಕ್ ಕಿಂಡಿಯಿಂದ ನೋಡಿ, "ಯೂ ಮೇಕ್, ಮೇಡಂ? ಸೋ ಟಾಲ್!" ಎಂದಳು. "ಯೆಸ್, ಐ ಮೇಕ್" ಎಂದೆ. ಟೀಚರಾಗಿದ್ದವಳ ಇಂಗ್ಲಿಷ್ ಅಷ್ಟು ಕೆಟ್ಟದ್ದೇನಲ್ಲ, ಖುಷಿಯಲ್ಲಿ ವ್ಯಾಕರಣ ತಪ್ಪಿತು. ರೈಲು ಬದಲಿಸಿ, ಕೊನೆಯಲ್ಲಿ ಫೀಡರ್ ಬಸ್ ಹಿಡಿದು, ಬೆವರಿನಲ್ಲಿ ತೊಯ್ದು ತಲುಪಿದೆ. ಕೇಕು ಕೂದಲೆಳೆಯಷ್ಟೂ ಜಾರಿರಲಿಲ್ಲ.

ಅಲ್ಲಿಂದಾಚೆಗೆ ಒಂದೂ ಕುಸಿಯಲಿಲ್ಲ. ಗೀತಾ ವೆನಿಲ್ಲಾ ಎಸೆನ್ಸನ್ನು ಮಾತ್ರ ಕೈಬಿಚ್ಚಿ ಹಾಕತೊಡಗಿದಳು, ಕಾರಿಡಾರಿನ ಆ ತುದಿಗೂ ಗಮ್ಮೆನ್ನುತ್ತಿತ್ತು. "ಎಂಥದು ಗೀತಾ, ಬಾಟಲಿಯನ್ನೇ ಮುಳುಗಿಸ್ತೀಯಾ?" ಎಂದರೆ, "ಬೇಕರಿ ಪರಿಮಳ ಬರ್ಬೇಕಲ್ಲ" ಎನ್ನುತ್ತಿದ್ದಳು. ಜನರಿಗೂ ಅದೇ ಬೇಕಿತ್ತು. ನನಗೂ ಬೇಕಿತ್ತು, ಸುಳ್ಳು ಯಾಕೆ ಹೇಳಲಿ.

ಆ ಬೇಸಿಗೆಯಲ್ಲೇ ಐದನೆಯ ಮಹಡಿಯ ಶೈಲಜಾಳ ಅತ್ತೆ ರುಕ್ಮಿಣಿಯಮ್ಮ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಬಂದದ್ದು. ಎಪ್ಪತ್ತೈದು ದಾಟಿದ ಜೀವ. ಗಂಡ ತೀರಿಹೋದ ಮೇಲೆ ಹೊರಗಿನದ್ದು ಏನೂ ತಿನ್ನುವುದಿಲ್ಲ ಎಂಬ ನೇಮ ಹಿಡಿದವರು. ವಿಮಾನದಲ್ಲಿ ನೀರೂ ಕುಡಿದಿರಲಿಲ್ಲ. ಹೊರಗೆ ಬಿಸಿಲೆಂದು ಅವರು ಕಟ್ಟಡದ ಕಾರಿಡಾರುಗಳಲ್ಲೇ ವಾಕಿಂಗ್ ಮಾಡುತ್ತಿದ್ದರು, ಕೈಯಲ್ಲಿ ಜಪಮಾಲೆ, ಕಾಲಲ್ಲಿ ಮಗ ಕೊಡಿಸಿದ ಸ್ಪೋರ್ಟ್ಸ್ ಶೂ. ನಮ್ಮ ಮಹಡಿಗೆ ಇಳಿದಾಗ ಒಂದು ಗಳಿಗೆ ನನ್ನ ಮನೆಯಲ್ಲಿ ಕೂರುವುದು ರೂಢಿಯಾಯಿತು. ಒಂದು ದಿನ ನಾನು ಕೇಕಿನ ಪದರ ಸಮ ಮಾಡುತ್ತಿದ್ದೆ. ಅವರು ಸುಮಾರು ಹೊತ್ತು ನೋಡಿದರು.

"ಅದಕ್ಕೆ ಮೊಟ್ಟೆ ಹಾಕ್ತಾರಂತಲ್ಲ ಮಗಾ?"

"ನಾನು ಹಾಕೋದಿಲ್ಲಮ್ಮ. ಮೊಸರು ಹಾಕಿದ್ದು."

"ನೀನೇ ಮಾಡಿದ್ದು?"

"ನಾನೇ."

"ಆಣೆ ಗೀಣೆ ಬೇಡ. ನೀನು ಹೇಳಿದ್ರೆ ಸಾಕು. ಒಂದು ತುಂಡು ಕೊಡು ಹಾಗಾದ್ರೆ."

ತಿಂದರು. ಕಣ್ಣು ಮುಚ್ಚಿಕೊಂಡು ತಿಂದರು. "ಇದು ಎಂಥದು ಮಾರಾಯ್ತಿ, ಬಾಯಲ್ಲಿಟ್ಟದ್ದೇ ಗೊತ್ತಾಗ್ಲಿಲ್ಲ!" ಎಂದು ಇನ್ನೊಂದು ತುಂಡಿಗೆ ಕೈ ಚಾಚಿದರು. ಆಮೇಲೆ ಪ್ರತಿ ಶುಕ್ರವಾರ ಅವರಿಗೊಂದು ತುಂಡು ಎತ್ತಿಡುವುದು ನನ್ನ ಕೆಲಸವಾಯಿತು. ಅವರಿಗೆ ಹಲ್ಲಿರಲಿಲ್ಲ, ಸಿಹಿ ಎಂದರೆ ಪ್ರಾಣ, ಬೇರೆಲ್ಲೂ ತಿನ್ನುವಂತಿಲ್ಲ. ಇಡೀ ದುಬೈಯಲ್ಲಿ ಈ ಅಜ್ಜಿ ನಂಬುವ ಕೈ ನನ್ನದೊಂದೇ ಎಂದು ನಮ್ಮವರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಆಗಸ್ಟ್ ಕೊನೆಗೆ ಶಾಲೆ ಶುರುವಾಗುತ್ತದೆಂದು ಊರಿಗೆ ಹೋದವರೆಲ್ಲ ವಾಪಸಾದರು. ಅಷ್ಟಮಿ ವಾರದ ನಡುವೆ ಬಂದಿತ್ತು; ದುಬೈಯಲ್ಲಿ ದೇವರ ಹಬ್ಬವೂ ರಜೆಯ ಶುಕ್ರವಾರಕ್ಕೆ ಕಾಯಬೇಕು. ಶುಕ್ರವಾರ ಸಂಜೆ ಕಟ್ಟಡದ ಪಾರ್ಟಿ ಹಾಲಿನಲ್ಲಿ ಮುದ್ದುಕೃಷ್ಣ ಸ್ಪರ್ಧೆ, ಆಮೇಲೆ ಕೃಷ್ಣನ ಬರ್ತ್‌ಡೇ ಎಂದು ಮಕ್ಕಳಿಂದ ಕೇಕ್ ಕಟ್ಟಿಂಗ್. ದೇವರ ಮುಂದಿಡಲು ಚಕ್ಕುಲಿ, ಉಂಡೆಗಳನ್ನು ರುಕ್ಮಿಣಿಯಮ್ಮನೇ ಮಾಡಿದ್ದರು. ಕೇಕು ನನ್ನದು. ಹಬ್ಬ ನಡೆಸುತ್ತಿದ್ದ ಶೈಲಜಾ, "ಆರು ಪದರ ಇರ್ಲಿ ಸುಮ, ಅತ್ತೆ ಭಾನುವಾರ ಹೊರಡ್ತಾರೆ, ಅವರಿಗೂ ಕೊನೆಯದ್ದು" ಎಂದಳು.

ಗುರುವಾರ ಗೀತಾ ಅಬುಧಾಬಿಗೆ ಹೋಗಬೇಕಾಯಿತು. ಅವಳ ನಾದಿನಿಗೆ ಹೆರಿಗೆ ನೋವು ಶುರುವಾಗಿತ್ತು. ಹೋಗುವಾಗ ಮನೆಯ ಕೀ ನನ್ನ ಕೈಗಿಟ್ಟು, "ಶುಕ್ರವಾರ ಬೆಳಿಗ್ಗೆ ಬಂದುಬಿಡ್ತೇನೆ, ನಾನು ಬರುವವರೆಗೆ ಏನೂ ಮಾಡ್ಬೇಡಿ ಆಯ್ತಾ?" ಎಂದು ಎರಡೆರಡು ಸಲ ಹೇಳಿದಳು. ಶುಕ್ರವಾರ ಬೆಳಿಗ್ಗೆ ಹತ್ತಾದರೂ ಸುದ್ದಿಯಿಲ್ಲ. ನಾನೇ ಮಾಡಿಬಿಡೋಣ, ಬಂದು ನೋಡಿ ದಂಗಾಗಲಿ ಎಂದು ಹಿಟ್ಟು ಕಲಸಿದೆ. ಅಳತೆ ಪುಸ್ತಕದಲ್ಲಿತ್ತು, ಎರಡು ಗೆರೆ ಎಳೆದದ್ದು.

ಅವಳ ಓವನ್ನಿಗಿಟ್ಟ ಮೊದಲ ಬಾಕ್ಸಿನ ಕೇಕು ಕುಸಿಯಿತು. ಓವನ್ ಸರಿ ಕಾದಿರಲಿಲ್ಲವೇನೋ ಎಂದುಕೊಂಡೆ. ಎರಡನೆಯದನ್ನು ದೇವರಿಗೆ ಕೈಮುಗಿದು ಇಟ್ಟೆ, ಓವನ್ನಿನ ಹತ್ತಿರವೂ ಸುಳಿಯಲಿಲ್ಲ. ಅದೂ ಕುಸಿಯಿತು. ಬಾಕ್ಸಿಗೆ ಎರಡರಂತೆ, ಒಂದು ಬೆರಳು ದಪ್ಪದ ಗಟ್ಟಿ ಬಿಲ್ಲೆಗಳು. ಇನ್ನು ಉಳಿದದ್ದು ಒಂದೇ ಬಾಕ್ಸ್. ನನ್ನ ಕೈಗೆ ಏನಾಯಿತು ಎಂದು ಅಳು ಬಂದು, ಗೀತಾಳಿಗೆ ಫೋನ್ ಮಾಡಿದೆ.

ಆಸ್ಪತ್ರೆಯ ಗದ್ದಲದಿಂದ ಅವಳು ದೂರ ಸರಿದದ್ದು ಕೇಳಿಸಿತು. ಆಮೇಲೆ ದನಿ ತಗ್ಗಿಸಿದಳು.

"ಸುಮಕ್ಕ, ಸಿಟ್ಟು ಮಾಡ್ಬೇಡಿ. ಫ್ರಿಜ್ಜಿನ ಬಾಗಿಲಲ್ಲಿ ಉಂಟು. ಒಂದು ಬಾಕ್ಸಿಗೆ ಮೂರು."

"ಏನು ಮೂರು?"

"ಮೊಟ್ಟೆ. ನೀವು ಹಿಟ್ಟು ಕೊಟ್ಟು ಹೋದ ಮೇಲೆ ನಾನು ಹಾಕ್ತಿದ್ದೆ. ಎಸೆನ್ಸ್ ಎರಡು ಮುಚ್ಚಳ ಜಾಸ್ತಿ ಹಾಕಿ, ವಾಸನೆ ಬರುದಿಲ್ಲ."

ನಾನು ಫ್ರಿಜ್ಜಿನ ಕಡೆ ನೋಡಿದೆ. "ಯಾವತ್ತಿಂದ?"

"ಆ ಡಿಸ್ಕವರಿ ಗಾರ್ಡನ್ಸಿನ ಆರ್ಡರಿಂದ. ಸುಮಕ್ಕ, ಕೇಳಿ... ಕೇಕು ಕೂತಾಗ ನಿಮ್ಮ ಮುಖ ನೋಡ್ಲಿಕ್ಕೆ ಆಗ್ತಿರ್ಲಿಲ್ಲ. ಇನ್ನೆರಡು ಹಾಳಾದ್ರೆ ನೀವು ಬಿಟ್ಟುಬಿಡ್ತಿದ್ರಿ. ಮತ್ತೆ ಮೊದಲಿನ ಹಾಗೆ ಬಾಗಿಲು ಹಾಕಿಕೊಂಡು ಕೂತ್ಕೊಳ್ತಿದ್ರಿ. ನಿಮ್ಗೋಸ್ಕರ ಅಲ್ವಾ ನಾನು..."

"ಆ ಅಜ್ಜಿ ತಿಂದಿದ್ದಾರೆ ಗೀತಾ. ನನ್ನ ಮಾತು ಕೇಳಿ ತಿಂದಿದ್ದಾರೆ."

"ಅವರಿಗೆ ಗೊತ್ತಿಲ್ಲಲ್ಲ. ಗೊತ್ತಿಲ್ಲದೆ ತಿಂದ್ರೆ ಪಾಪ ಉಂಟಾ? ಈಗ ಟೈಮಿಲ್ಲ, ಯಲ್ಲಾ, ಬೇಗ ಮೂರು ಒಡೆದು ಹಾಕಿ."

ಫೋನ್ ಇಟ್ಟೆ. ಮೊದಲು ಹೊಳೆದದ್ದು ಪದರ ಕತ್ತರಿಸುವಾಗ ಉದುರಿದ ತುಂಡುಗಳು. ಎರಡು ತಿಂಗಳು ನಾನೂ ನಮ್ಮವರೂ ಅವನ್ನು ಚಹಾಕ್ಕೆ ಅದ್ದಿಕೊಂಡು ತಿಂದಿದ್ದೆವು. ಆದರೆ ನಿಜ ಹೇಳುತ್ತೇನೆ, ಮೊಟ್ಟೆ ಹೊಟ್ಟೆಗೆ ಹೋಯಿತೆಂದು ನನಗೆ ಅಷ್ಟು ಸಂಕಟವಾಗಲಿಲ್ಲ. ಸಂಕಟವಾದದ್ದು ಬೇರೆಯದಕ್ಕೆ. ಆ ಎತ್ತರ ನನ್ನದಾಗಿರಲಿಲ್ಲ. ಮೆಟ್ರೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಮೆರೆಸಿದ್ದು ನನ್ನದಲ್ಲ. ನಾನು ಮಕ್ಕಳಿಗೆ ಗಣಿತ ಕಲಿಸಿದವಳು, ಒಂದು ಲೆಕ್ಕ ನನ್ನಷ್ಟಕ್ಕೆ ನಾನೇ ಬಿಡಿಸಿದೆ ಎಂದುಕೊಂಡಿದ್ದೆ. ಯಾರೋ ಉತ್ತರ ತಿದ್ದಿ ಇಟ್ಟಿದ್ದರು. ಅದಕ್ಕಿಂತ ಹೆಚ್ಚಾಗಿ, ಆ ಹಲ್ಲಿಲ್ಲದ ಅಜ್ಜಿಗೆ "ನಾನೇ" ಎಂದಿದ್ದೆನಲ್ಲ, ಆ ಒಂದು ಮಾತನ್ನು ಗೀತಾ ಪ್ರತಿ ಶುಕ್ರವಾರ ನನ್ನ ಬೆನ್ನ ಹಿಂದೆ ಒಡೆದು ಹಾಕಿದ್ದಳು. ಪ್ರೀತಿಯಿಂದ ಮಾಡಿದಳಂತೆ. ದ್ವೇಷದಿಂದ ಮಾಡಿದ್ದರೆ ಒಂದು ಜಗಳದಲ್ಲಿ ಮುಗಿಯುತ್ತಿತ್ತು.

ಫ್ರಿಜ್ಜಿನ ಬಾಗಿಲು ತೆರೆದು ಒಂದು ಮೊಟ್ಟೆ ಕೈಗೆತ್ತಿಕೊಂಡದ್ದೂ ಹೌದು. ಜನ್ಮದಲ್ಲಿ ಮೊದಲ ಸಲ. ತಣ್ಣಗಿತ್ತು, ಅಂದುಕೊಂಡದ್ದಕ್ಕಿಂತ ಭಾರವಿತ್ತು. ವಾಪಸ್ ಇಟ್ಟೆ. ದೊಡ್ಡ ಧರ್ಮನಿಷ್ಠೆ ಎಂದುಕೊಳ್ಳಬೇಡಿ, ಅದನ್ನು ಒಡೆಯುವುದು ಹೇಗೆಂದೇ ನನಗೆ ಗೊತ್ತಿರಲಿಲ್ಲ. ಮೂರನೆಯ ಬಾಕ್ಸನ್ನೂ ಮೊಸರಿನಲ್ಲೇ ಕಲಸಿ ಬೇಯಿಸಿದೆ, ಅದೂ ಕುಸಿಯಿತು. ಆರು ಚಪ್ಪಟೆ ಬಿಲ್ಲೆಗಳನ್ನು ಕ್ರೀಂ ಹಚ್ಚಿ ಒಂದರ ಮೇಲೊಂದು ಇಟ್ಟಾಗ ಹಿಂದಿನ ಕೇಕಿನ ಅರ್ಧದಷ್ಟೂ ಎತ್ತರ ಬರಲಿಲ್ಲ. ಆದರೆ ಅದರೊಳಗೆ ಏನಿದೆ ಎಂಬುದು ಪೂರ್ತಿ ಗೊತ್ತಿದ್ದ ಕೇಕು ಎರಡು ತಿಂಗಳಿನಿಂದೀಚೆಗೆ ಅದೊಂದೇ.

ಪಾರ್ಟಿ ಹಾಲಿಗೆ ಹೋಗುವ ಮೊದಲು ಐದನೆಯ ಮಹಡಿಗೆ ಹೋದೆ. ಶೈಲಜಾ ಮಗನಿಗೆ ನವಿಲುಗರಿ ಕಟ್ಟುತ್ತಿದ್ದಳು. ಅವಳನ್ನು ಅಡುಗೆಮನೆಗೆ ಕರೆದು ಎಲ್ಲ ಹೇಳಿದೆ. ನಿನ್ನ ಕಾಲಿಗೆ ಬೀಳುತ್ತೇನೆ, ಈಗಲೇ ಅಮ್ಮನಿಗೂ ಹೇಳಿಬಿಡುತ್ತೇನೆ ಎಂದೆ. ಅವಳು ಬೈದರೆ ಬೈಸಿಕೊಳ್ಳಲು ತಯಾರಾಗಿ ಬಂದಿದ್ದೆ.

ಶೈಲಜಾ ಅಡುಗೆಮನೆಯ ಬಾಗಿಲು ಮುಂದೆ ಮಾಡಿದಳು. "ಸುಮ, ನಿಂಗೆ ನಿಜವಾಗ್ಲೂ ಗೊತ್ತಿರ್ಲಿಲ್ವಾ?"

"ಅಂದ್ರೆ?"

"ಮೊಟ್ಟೆ ಇಲ್ಲದೆ ಅಷ್ಟು ಎತ್ತರ ಬರ್ತದಾ? ನಮಗೆಲ್ಲ ಯಾವಾಗ್ಲೋ ಗೊತ್ತುಂಟು. ನಾವು ನೀನೇ ಹಾಕೋದು ಅಂತ ಎಣಿಸಿದ್ವಿ. ಪಾಪ, ಹೇಳ್ಲಿಕ್ಕೆ ನಾಚಿಕೆ ಅಂತ ಯಾರೂ ಕೇಳ್ಲಿಲ್ಲ."

"ಗೊತ್ತಿದ್ರೆ ಮತ್ತೆ ನನ್ನ ಹತ್ರ ಯಾಕೆ ಮಾಡಿಸಿದ್ದು? ಬೇಕರಿಯಿಂದ ತರಬಹುದಿತ್ತಲ್ಲ?"

"ಬೇಕರಿದು ಅಂದ್ರೆ ಅತ್ತೆ ತಿಂತಾರಾ? ಮಕ್ಕಳಿಗೆ ಒಳ್ಳೆ ಕೇಕು ಬೇಕು, ಅತ್ತೆಗೆ ಒಂದು ಹೆಸರು ಬೇಕು. ನಿನ್ನ ಹೆಸರಿತ್ತು, ಎಲ್ಲ ಸುಸೂತ್ರ ಆಯ್ತು." ಅವಳ ದನಿಯಲ್ಲಿ ಕೆಡುಕಿರಲಿಲ್ಲ, ಬೆಂಡೆಕಾಯಿ ಒಳ್ಳೆಯದು ಎಲ್ಲಿ ಸಿಗುತ್ತದೆ ಎಂದು ಹೇಳುವಷ್ಟೇ ಸಲೀಸಾಗಿತ್ತು. ಆಮೇಲೆ ನನ್ನ ಕೈ ಹಿಡಿದಳು. "ಈಗ ಅತ್ತೆಗೆ ಹೇಳಿ ಏನು ಸಿಗ್ತದೆ ನಿಂಗೆ? ನಿನ್ನ ಮನಸ್ಸು ಹಗುರ ಆಗ್ತದೆ. ಅವರು ಊರಿಗೆ ಹೋಗಿ ಉಪವಾಸ ಕೂತ್ಕೊಳ್ತಾರೆ, ಈ ವಯಸ್ಸಲ್ಲಿ. ಬೇಕಾ? ಖಲಾಸ್, ಇಲ್ಲಿಗೇ ಬಿಡು."

ಮೋಸ ಮಾಡಿದ್ದು ಗೀತಾ ಒಬ್ಬಳೇ ಎಂದುಕೊಂಡು ಮೆಟ್ಟಿಲು ಹತ್ತಿದ್ದವಳು, ಎಲ್ಲರೂ ಎಂದು ತಿಳಿದುಕೊಂಡು ಇಳಿದೆ. ನನ್ನ ಕೇಕನ್ನು ಹೊಗಳಿದವರು, ಅಳತೆ ಕೇಳಿದವರು, "ಸುಮಕ್ಕನ ಕೈಗುಣ" ಎಂದವರು, ಎಲ್ಲರೂ ನಗು ಬಿಗಿಹಿಡಿದುಕೊಂಡೇ ತಿಂದಿದ್ದರು. ಮೋಸ ಹೋದವರು ಇಡೀ ಕಟ್ಟಡದಲ್ಲಿ ಇಬ್ಬರೇ. ಒಬ್ಬಳು ನಾನು.

ಇನ್ನೊಬ್ಬರು ಹಾಲಿನ ಮುಂದಿನ ಸಾಲಿನಲ್ಲಿ ಕುಳಿತು ಮಕ್ಕಳ ಕಿರೀಟ ಸರಿ ಮಾಡುತ್ತಿದ್ದರು. ಹನ್ನೆರಡು ಕೃಷ್ಣರು, ಅರ್ಧ ಜನ ಅಳುತ್ತಿದ್ದರು, ಒಬ್ಬ ಕೊಳಲನ್ನು ಕತ್ತಿ ಮಾಡಿಕೊಂಡಿದ್ದ. ಕೇಕು ನೋಡಿ ಒಂದು ಮಗು ಗಟ್ಟಿಯಾಗಿ, "ಮಮ್ಮಾ, ವೈ ಈಸ್ ಇಟ್ ಸೋ ಫ್ಲಾಟ್?" ಎಂದಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಯಾರ ಕಡೆಯೂ ನೋಡದೆ ಕತ್ತರಿಸಿ, ಹಂಚಿ, ಒಂದು ತುಂಡನ್ನು ತಟ್ಟೆಗೆ ಹಾಕಿಕೊಂಡು ರುಕ್ಮಿಣಿಯಮ್ಮನ ಪಕ್ಕ ಹೋಗಿ ಕುಳಿತೆ. ಹೇಳುವುದೋ ಬಿಡುವುದೋ ಎಂದು ಆಗಲೂ ನಿರ್ಧಾರವಾಗಿರಲಿಲ್ಲ. ಇದನ್ನಾದರೂ ಅವರು ತಿನ್ನಲಿ, ಇದೊಂದು ನಿಜವಾದದ್ದು ಅವರ ಹೊಟ್ಟೆಗೆ ಹೋಗಲಿ ಎಂದಷ್ಟೇ ಇತ್ತು.

ಅವರು ಬೆರಳಲ್ಲಿ ಮುರಿಯಲು ನೋಡಿದರು, ಸುಲಭಕ್ಕೆ ಮುರಿಯಲಿಲ್ಲ. ಒಂದು ಚೂರನ್ನು ಬಾಯಿಗೆ ಹಾಕಿಕೊಂಡು ವಸಡಿನಲ್ಲಿ ಆಡಿಸಿದರು. ಆಮೇಲೆ ನಿಲ್ಲಿಸಿದರು. ನನ್ನ ಮುಖವನ್ನೇ ನೋಡಿದರು.

"ಮಗಾ, ಇದು ನಿನ್ನ ಕೈಯದ್ದಲ್ಲ."

"ಯಾಕಮ್ಮ?"

"ನಿನ್ನದು ನಂಗೆ ಗೊತ್ತಿಲ್ವಾ? ಎಷ್ಟು ಶುಕ್ರವಾರ ತಿಂದಿದ್ದೇನೆ! ಇದು ಬೇರೆ ಯಾರೋ ಮಾಡಿದ್ದು. ಹೌದಾ ಅಲ್ವಾ?"

ನಾನೇ ಮಾಡಿದ್ದು ಎಂದರೆ ಉಳಿದವು ಯಾರು ಮಾಡಿದ್ದೆಂದು ಹೇಳಬೇಕಾಗುತ್ತಿತ್ತು. ಶೈಲಜಾ ದೂರದಿಂದ ನನ್ನನ್ನೇ ನೋಡುತ್ತಿದ್ದಳು. ಅಜ್ಜಿ ಬಾಯಲ್ಲಿದ್ದದ್ದನ್ನು ನುಂಗದೆ ನನ್ನ ಮಾತಿಗೆ ಕಾಯುತ್ತಿದ್ದರು.

"ಹೌದಮ್ಮ," ಎಂದೆ. "ಇವತ್ತು ಪುರುಸೊತ್ತಾಗ್ಲಿಲ್ಲ. ಹೊರಗಿಂದ ತರಿಸಿದ್ದು."

ಅವರು ಎದ್ದು ಹೋಗಿ ಬಾಯಿ ಮುಕ್ಕಳಿಸಿದರು, ಸೆರಗಿನಲ್ಲಿ ಒರೆಸಿಕೊಂಡರು, ವಾಪಸ್ ಬಂದು ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ಒದ್ದೆ ಕೈಯಿಂದಲೇ ನನ್ನ ಕೆನ್ನೆ ಸವರಿದರು.

"ನೋಡು, ಕೇಳಿದ ಕೂಡ್ಲೇ ಸತ್ಯ ಹೇಳಿದಿ. ಅದಕ್ಕೇ ಮಗಾ, ಈ ಊರಲ್ಲಿ ನಾನು ನಿನ್ನ ಕೈಯದ್ದು ಮಾತ್ರ ತಿಂದದ್ದು."